ಕೆಲಸ ಬಿಟ್ಟರೂ ಬಿಡದ ಬಿಪಿ

"ಈಗ ಬೈಯೋರು ಯಾರೂ ಇಲ್ಲ, ಟಾರ್ಗೆಟ್ ಇಲ್ಲ, ಮನೀಲಿ ಆರಾಮಾಗೇ ಅದೀನಿ. ಆದ್ರೂ ಬಿಪಿ ಇಳೀವಲ್ದು, ರಾತ್ರಿ ನಿದ್ದಿ ಹತ್ತವಲ್ದು." ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಮರಳಿದ ಹೆಂಗಸರ ಬಾಯಲ್ಲಿ ಇಂಥ ಮಾತು ಹೊಸದಲ್ಲ. ಮನೆಯವರು ವಯಸ್ಸಿನ ಮೇಲೆ ಹಾಕುತ್ತಾರೆ. ಡಾಕ್ಟರು ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ ಅನ್ನುತ್ತಾರೆ. ಎರಡರಲ್ಲೂ ನಿಜವಿದೆ. ಆದರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಆಡಿದ ಮರುಗಳಿಗೆ ಗಾಳಿಯಲ್ಲಿ ಕರಗಿಹೋದ ಬೈಗುಳ ವರ್ಷಗಳ ನಂತರವೂ ರಕ್ತನಾಳದಲ್ಲಿ ಉಳಿಯುವುದು ಹೇಗೆ?

ಬೆಳುಗುಪ್ಪದ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ತೂಕ ಹೆಚ್ಚು. ಅನಂತಪುರ ಜಿಲ್ಲೆಯ ಈ ಮಂಡಲದ ಸುತ್ತ ಶೇಂಗಾ ನಂಬಿದ ಒಣಭೂಮಿ. ಹತ್ತಿರದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಆಡುವುದು ಕನ್ನಡವೇ. ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟವರನ್ನು ಕರೆಯುವ ಕೆಲಸಗಳಲ್ಲಿ ಹೊಲಿಗೆ ಮುಖ್ಯವಾದದ್ದು. ರಾಯದುರ್ಗದಲ್ಲೂ ಬಳ್ಳಾರಿಯಲ್ಲೂ ಜೀನ್ಸ್ ಹೊಲಿಯುವ ಘಟಕಗಳಿವೆ. ಮಡಕಶಿರಾ ಕಡೆಯವರಿಗೆ ಹಿಂದೂಪುರದ ಗಾರ್ಮೆಂಟ್ಸ್ ಹತ್ತಿರ. ಇನ್ನೂ ಮುಂದೆ ಹೋದರೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಅಲ್ಲಿ ತಾವು ಪಡುವ ಪಾಡಿಗೆ 'ಪ್ರೊಡಕ್ಷನ್ ಟಾರ್ಚರ್' ಅಂತ ಹೆಸರೇ ಇಟ್ಟಿದ್ದಾರೆ. ಗಂಟೆಗೆ ಇಷ್ಟು ಪೀಸ್ ಅನ್ನುವ ಲೆಕ್ಕ, ಅದು ಮುಟ್ಟದಾಗ ಲೈನಿನವರೆಲ್ಲರ ಎದುರು ಕೂಗಾಟ, ಮುಖಕ್ಕೆ ಎಸೆದ ಬಟ್ಟೆ, 'ದನ ಕಾಯೋಕೆ ಹೋಗು' ಅನ್ನುವ ಮಾತು, ಅದಕ್ಕಿಂತ ಹೊಲಸು ಮಾತು, ಬೇಕೆಂತಲೇ ಮೈಗೆ ತಾಗುವ ಕೈ. ಇದೆಲ್ಲ ಮನಸ್ಸಿಗೆ ನೋವು ಮಾಡುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೈಗೆ ಏನು ಮಾಡುತ್ತದೆ ಅನ್ನುವುದು ಈ ಅಧ್ಯಾಯದ ವಿಷಯ.

ಕಾಲು ಪೆಡಲ್ ಮೇಲೆ

ಒಬ್ಬಾಕೆಯನ್ನು ಊಹಿಸಿಕೊಳ್ಳೋಣ. ಶರ್ಟಿಗೆ ಕಾಲರ್ ಕೂರಿಸುವ ಟೈಲರ್. ಪಕ್ಕದಲ್ಲಿ ನೀರಿನ ಬಾಟಲಿ ಇದೆ, ಬೆಳಗಿನಿಂದ ಮುಚ್ಚಳ ತೆಗೆದಿಲ್ಲ. ಕುಡಿದರೆ ಎದ್ದು ಹೋಗಬೇಕು. ಎದ್ದರೆ ಎರಡು ಮೂರು ಪೀಸ್ ಹಿಂದೆ ಬೀಳುತ್ತದೆ. ಲೈನಿನ ತುದಿಯ ಬೋರ್ಡಿನಲ್ಲಿ ಈ ಗಂಟೆಯ ಅಂಕಿ ಇನ್ನೂ ಬರೆದಿಲ್ಲ. ಬೆನ್ನ ಹಿಂದಿನಿಂದ ಸೂಪರ್‌ವೈಸರ್ ಬರುವ ಸದ್ದು ಕೇಳುತ್ತದೆ.

ಅವನು ಬಾಯಿ ತೆರೆಯುವ ಮೊದಲೇ ಆಕೆಯ ಮಿದುಳು ಅಪಾಯದ ಸುದ್ದಿ ಕಳಿಸಿಯಾಗಿರುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಸುದ್ದಿ ಮುಟ್ಟಿದ ಕ್ಷಣಕ್ಕೆ ಅವು ಅಡ್ರಿನಲಿನ್ ಸುರಿಸುತ್ತವೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಚರ್ಮದ ಮತ್ತು ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಕೆಲವು ನಿಮಿಷ ಕಳೆದ ಮೇಲೆ ಅದೇ ಗ್ರಂಥಿಗಳಿಂದ ಇನ್ನೊಂದು ರಸ ಬರುತ್ತದೆ, ಕಾರ್ಟಿಸಾಲ್. ಇದು ನಿಧಾನದ್ದು, ಹೆಚ್ಚು ಹೊತ್ತು ನಿಲ್ಲುವಂಥದ್ದು. ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಜೀರ್ಣ, ಗಾಯ ಮಾಯುವುದು, ಮುಟ್ಟಿನ ಕ್ರಮ ಇವೆಲ್ಲ ಆಮೇಲೆ ನೋಡಿಕೊಳ್ಳಬಹುದಾದ ಕೆಲಸಗಳು ಎಂದು ಬದಿಗಿಡುತ್ತದೆ. ಈ ಇಡೀ ವ್ಯವಸ್ಥೆಗೆ ನಾನು 'ದಿಗಿಲಿನ ಏರ್ಪಾಡು' ಅನ್ನುತ್ತೇನೆ.

ಚಿರತೆ ಎದುರಾದಾಗ ಓಡಲು, ಇಲ್ಲವೇ ಬಡಿದಾಡಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಓಡಿ ಪಾರಾದರೆ ಸಕ್ಕರೆ ಖರ್ಚಾಗುತ್ತದೆ, ಒಂದೆರಡು ತಾಸಿನೊಳಗೆ ರಸಗಳು ಇಳಿಯುತ್ತವೆ, ಮೈ ತನ್ನ ಪಾಡಿಗೆ ಬರುತ್ತದೆ. ಆದರೆ ಕಾಲರ್ ಹೊಲಿಯುವಾಕೆ ಓಡುವುದಿಲ್ಲ. ತಿರುಗಿ ಮಾತಾಡುವುದೂ ಇಲ್ಲ; ಮಾತಾಡಿದರೆ ಗೇಟಿನ ಹೊರಗೆ. ಮೈಯೆಲ್ಲ ಓಟಕ್ಕೆ ಸಿದ್ಧವಾಗಿದೆ, ಕಾಲು ಮಾತ್ರ ಪೆಡಲ್ ಮೇಲೇ ಇದೆ. ಮುಂದಿನ ಗಂಟೆಯ ಅಂಕಿ ಮತ್ತೆ ಬರಲಿದೆ.

ಒಂದೇ ಶಾಕ್, ಎರಡು ಹೊಟ್ಟೆ

ಬೈಗುಳ ಎಷ್ಟು ಕೆಟ್ಟದ್ದು ಅನ್ನುವುದರ ಮೇಲೆ ಹಾನಿಯ ಅಳತೆ ನಿಂತಿದೆ ಎಂದೇ ನಮ್ಮೆಲ್ಲರ ಊಹೆ. ಆ ಊಹೆಯನ್ನು ಅಲ್ಲಾಡಿಸಿದವು ಕೆಲವು ಇಲಿಗಳು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೇ ವೈಸ್ ಎಂಬ ವಿಜ್ಞಾನಿ ಎರಡು ಇಲಿಗಳ ಬಾಲಕ್ಕೆ ಒಂದೇ ತಂತಿ ಜೋಡಿಸಿದರು. ಕರೆಂಟು ಮೊದಲ ಇಲಿಯ ಬಾಲ ಹಾದು ಎರಡನೆಯದಕ್ಕೆ ಹೋಗುತ್ತಿತ್ತು. ಹಾಗಾಗಿ ಎರಡಕ್ಕೂ ಬೀಳುವ ಶಾಕ್ ಒಂದೇ ಹೊತ್ತಿನದು, ಒಂದೇ ಬಲದ್ದು, ಎಣಿಕೆಯೂ ಒಂದೇ. ಮೊದಲನೆಯದರ ಎದುರು ಒಂದು ಚಕ್ರವಿತ್ತು. ಅದನ್ನು ತಿರುಗಿಸಿದರೆ ಇಬ್ಬರಿಗೂ ಶಾಕ್ ನಿಲ್ಲುತ್ತಿತ್ತು. ಎರಡನೆಯದರ ಎದುರೂ ಚಕ್ರವಿತ್ತು, ಆದರೆ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಆಮೇಲೆ ಹೊಟ್ಟೆ ಸೀಳಿ ನೋಡಿದಾಗ ಚಕ್ರ ಕೆಲಸಕ್ಕೆ ಬಾರದ ಇಲಿಯ ಜಠರದಲ್ಲಿ ಹುಣ್ಣು ಬಹಳ ಹೆಚ್ಚಾಗಿತ್ತು. ಬಿದ್ದ ಶಾಕ್ ಇಬ್ಬರಿಗೂ ಸಮ.

ವೈಸ್ ಇನ್ನೊಂದು ಪ್ರಯೋಗ ಮಾಡಿದರು. ಒಂದು ಇಲಿಗೆ ಶಾಕ್‌ಗೆ ಮುಂಚೆ ಸದ್ದು ಮಾಡಿ ಎಚ್ಚರಿಸುತ್ತಿದ್ದರು. ಇನ್ನೊಂದಕ್ಕೂ ಸದ್ದು ಕೇಳಿಸುತ್ತಿದ್ದರು, ಆದರೆ ಅದಕ್ಕೂ ಶಾಕ್‌ಗೂ ಸಂಬಂಧವಿರಲಿಲ್ಲ. ಎಚ್ಚರಿಕೆ ಸಿಗುತ್ತಿದ್ದ ಇಲಿಗೆ ಹುಣ್ಣು ತೀರ ಕಡಿಮೆ. ಕಾರಣ ಯೋಚಿಸಿದರೆ ಸರಳ. ಸದ್ದಿಲ್ಲದ ಹೊತ್ತು ಅದಕ್ಕೆ ನಿಶ್ಚಿಂತೆಯ ಹೊತ್ತು. ಇನ್ನೊಂದಕ್ಕೆ ನಿಶ್ಚಿಂತೆಯ ಹೊತ್ತೇ ಇಲ್ಲ. ಯಾವ ಗಳಿಗೆಯಲ್ಲಾದರೂ ಬೀಳಬಹುದು.

ಇಲಿಯ ಮಾತನ್ನು ಮನುಷ್ಯರಿಗೆ ಹಾಗೇ ಹಚ್ಚಲಾಗದು. ಆದರೂ ಶಾಕ್‌ಗಿಂತ ಹೆಚ್ಚು ಕೆಡುಕು ಮಾಡಿದ್ದು ಶಾಕ್‌ಗಳ ನಡುವಿನ ಹೊತ್ತು ಅನ್ನುವ ಸುಳಿವು ಅಲ್ಲಿದೆ. ಸೂಪರ್‌ವೈಸರ್ ದಿನಕ್ಕೆ ಹತ್ತು ನಿಮಿಷ ಕೂಗಾಡಬಹುದು. ಆ ಹತ್ತು ನಿಮಿಷ ಯಾವಾಗ ಬರುತ್ತದೋ ಎಂದು ಮೈ ಕಾಯುವುದು ಉಳಿದ ಏಳೆಂಟು ತಾಸು.

ಆಟೋದಲ್ಲಿಟ್ಟ ಮೋಟರು

ಬೋರ್‌ವೆಲ್ ಇರುವ ರೈತರ ಮನೆಯವರಿಗೆ ಈ ಸ್ಥಿತಿ ಚೆನ್ನಾಗಿ ಗೊತ್ತು. ಹೊಲಕ್ಕೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ದಿನಗಳಲ್ಲಿ ಮೋಟರಿಗೆ ಆಟೋಸ್ಟಾರ್ಟರ್ ಹಾಕಿ 'ಆಟೋ'ದಲ್ಲಿ ಇಟ್ಟು ಬರುತ್ತಾರೆ. ಕರೆಂಟು ಬಂತೆಂದರೆ, ನಡುರಾತ್ರಿಯಾದರೂ, ಮೋಟರು ತಾನಾಗಿ ಓಡುತ್ತದೆ. ಒಂದು ಹನಿಯೂ ತಪ್ಪಬಾರದು ಅನ್ನುವ ಜಾಣತನ ಅದು. ಆದರೆ ಬೋರಿನಲ್ಲಿ ನೀರು ಕೆಳಗಿಳಿದ ದಿನವೂ ಮೋಟರು ಹಾಗೇ ಓಡುತ್ತದೆ. ನೀರಿಲ್ಲದೆ ಒಣಗಿ ಓಡಿ ಓಡಿ ಕಾಯಿಲ್ ಸುಡುತ್ತದೆ. ಮೋಟರಿನಲ್ಲಿ ದೋಷವಿರಲಿಲ್ಲ, ರೈತನಲ್ಲೂ ಇರಲಿಲ್ಲ. ಹೊತ್ತುಗೊತ್ತಿಲ್ಲದ ಕರೆಂಟು ಅವನನ್ನು ಆಟೋಕ್ಕೆ ತಳ್ಳಿತು.

ಹೊತ್ತುಗೊತ್ತಿಲ್ಲದ ಅವಮಾನವೂ ಮೈಯನ್ನು ಹೀಗೇ ಆಟೋಕ್ಕೆ ತಳ್ಳುತ್ತದೆ. ಬೇಕಾದಾಗ ಹಚ್ಚಿ, ಬೇಡವಾದಾಗ ಆರಿಸಬೇಕಿದ್ದ ದಿಗಿಲಿನ ಏರ್ಪಾಡು ಸದಾ ಸಿದ್ಧವಾಗಿ ನಿಲ್ಲುತ್ತದೆ. ಹೀಗೆ ಓಡಿದ್ದರಿಂದ ಮೈಯಲ್ಲಿ ಕೂಡುತ್ತ ಹೋಗುವ ಹಾನಿಯನ್ನು ವಿಜ್ಞಾನಿಗಳಾದ ಬ್ರೂಸ್ ಮೆಕ್‌ಎವೆನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ 'ಅಲೊಸ್ಟ್ಯಾಟಿಕ್ ಲೋಡ್' ಎಂದು ಕರೆದರು. ಕನ್ನಡದಲ್ಲಿ 'ಸವೆತದ ಹೊರೆ' ಅನ್ನೋಣ.

ಮೋಟರಿನ ಮಾತು ಇಲ್ಲಿಗೆ ಸಾಕು. ಸುಟ್ಟ ಮೋಟರನ್ನು ವೈಂಡಿಂಗ್ ಅಂಗಡಿಗೆ ಒಯ್ಯಬಹುದು, ಮೈಯ ಕಥೆ ಬೇರೆ.

ಬಿಟ್ಟುಬಂದ ಮೇಲೂ ಏಕೆ?

ಈಗ ಮೊದಲಿನ ಒಗಟಿಗೆ ಬರೋಣ. ಶಾಕ್ ನಿಂತಿದೆ, ಆಕೆ ಊರಲ್ಲಿದ್ದಾಳೆ. ಆದರೂ ಏರ್ಪಾಡು ಏಕೆ ಆರುವುದಿಲ್ಲ? ಎರಡು ಜಾಗದಲ್ಲಿ ನೋಡಬೇಕು. ಒಂದು ಮಿದುಳು, ಇನ್ನೊಂದು ರಕ್ತನಾಳದ ಗೋಡೆ.

ದಿಗಿಲನ್ನು ನಿಲ್ಲಿಸುವ ತಡೆ ಕಾರ್ಟಿಸಾಲ್ ಕೈಯಲ್ಲೇ ಇದೆ. ಅದು ರಕ್ತದಲ್ಲಿ ಹರಿದು ಮಿದುಳಿಗೆ ಹೋಗಿ ಅಲ್ಲಿನ ಕೋಶಗಳಿಗೆ ಅಂಟಿಕೊಂಡಾಗ, ಇನ್ನು ಸಾಕು ಅನ್ನುವ ಸುದ್ದಿ ಅಡ್ರಿನಲ್ ಗ್ರಂಥಿಗೆ ಮರಳುತ್ತದೆ. 1968ರಲ್ಲಿ ಮೆಕ್‌ಎವೆನ್, ಅದೇ ಜೇ ವೈಸ್ ಜೊತೆ ಸೇರಿ, ಇಲಿಯ ಮಿದುಳಿನಲ್ಲಿ ಈ ರಸ ಎಲ್ಲಿ ಹೆಚ್ಚಾಗಿ ಹಿಡಿದುಕೊಳ್ಳುತ್ತದೆ ಎಂದು ಹುಡುಕಿದರು. ಸಿಕ್ಕಿದ ಜಾಗ ಹಿಪೊಕ್ಯಾಂಪಸ್. ಎಲ್ಲಿ, ಯಾವಾಗ, ಏನಾಯಿತು ಎಂಬ ನೆನಪುಗಳನ್ನು ಕಟ್ಟುವ ಭಾಗ ಅದು. ಅಂದರೆ ನೆನಪು ಕಟ್ಟುವ ಜಾಗಕ್ಕೂ ದಿಗಿಲು ತಡೆಯುವ ಕೆಲಸದಲ್ಲಿ ಪಾಲಿದೆ. ತಿಂಗಳುಗಟ್ಟಲೆ ಕಾರ್ಟಿಸಾಲ್ ಏರುತ್ತಲೇ ಇದ್ದರೆ ಅಲ್ಲಿನ ಕೋಶಗಳ ಕವಲುಗಳು ಮೊಟಕಾಗುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ತಡೆ ಸಡಿಲವಾಗುತ್ತದೆ.

ಕೆಲವರಲ್ಲಿ ಉಲ್ಟಾ ಆಗುವುದೂ ಉಂಟು. ಬೆಳಗ್ಗೆ ಏಳುವ ಹೊತ್ತಿಗೆ ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಚೆನ್ನಾಗಿ ಏರಬೇಕು. ಆ ದಿನದ ಕೆಲಸಕ್ಕೆ ಮೈ ಎದ್ದು ನಿಲ್ಲುವುದೇ ಹಾಗೆ. ಕೆಲಸದ ಜಾಗದಲ್ಲಿ ಕಿರುಕುಳ ತಿಂದವರ ಬೆಳಗಿನ ಎಂಜಲು ಪರೀಕ್ಷಿಸಿದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಈ ರಸ ಕಡಿಮೆ ಇತ್ತು. "ಬೆಳಗ್ಗೆ ಏಳೋಕೇ ಆಗಲ್ಲ, ಮೈ ಭಾರ" ಅನ್ನುವ ಮಾತನ್ನು ಸೋಮಾರಿತನ ಎಂದು ತಳ್ಳಿಹಾಕುವ ಮನೆಗಳು ಇದನ್ನು ಗಮನಿಸಬೇಕು.

ಇನ್ನು ನೆನಪು. ಒಮ್ಮೆ ಕಲಿತ ಹೆದರಿಕೆಯನ್ನು ಮಿದುಳು ಅಳಿಸುವುದಿಲ್ಲ. ಈಗ ಅಪಾಯವಿಲ್ಲ ಅನ್ನುವ ಹೊಸ ಪಾಠವನ್ನು ಅದರ ಮೇಲೆ ಕಲಿಯುತ್ತದೆ, ಅಷ್ಟೇ. ಹಳೆಯದು ಕೆಳಗೆ ಇದ್ದೇ ಇರುತ್ತದೆ. ಬೆನ್ನ ಹಿಂದೆ ಬೂಟಿನ ಸದ್ದು, ಏರಿದ ಗಂಡಸಿನ ದನಿ, ಯಾವುದೋ ಬೆಲ್ಲು, ಇವಿಷ್ಟು ಸಾಕು ಅದು ಮೇಲೆ ಬರಲು. ಜೊತೆಗೆ ನಮ್ಮ ಜೀವಕ್ಕೆ ಮೆಲುಕು ಹಾಕುವ ಗುಣವಿದೆ. ರಾತ್ರಿ ಮಲಗಿ ಆ ದಿನದ ಅವಮಾನವನ್ನು ನೆನೆದರೆ ರಕ್ತದೊತ್ತಡ ಆಗ ಏರಿದಂತೆಯೇ ಈಗಲೂ ಏರುತ್ತದೆ. ನಿದ್ದೆಯಲ್ಲಿ ಸಾಮಾನ್ಯವಾಗಿ ಒತ್ತಡ ಶೇ. 10ರಿಂದ 20ರಷ್ಟು ಇಳಿಯಬೇಕು. ನಾಳಗಳಿಗೆ ಸಿಗುವ ವಿಶ್ರಾಂತಿ ಅದೇ. ನಿದ್ದೆ ಹರಿದುಹೋದರೆ ಅದೂ ಹೋಯಿತು.

ಒಗಟನ್ನು ನಿಜಕ್ಕೂ ಬಿಡಿಸುವುದು ಎರಡನೆಯ ಜಾಗ, ರಕ್ತನಾಳ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಬ್ಯೋರ್ನ್ ಫೋಲ್ಕೋವ್ ಎಂಬ ವಿಜ್ಞಾನಿ ದಶಕಗಳ ಕಾಲ ಸಣ್ಣ ನಾಳಗಳ ಗೋಡೆಯನ್ನು ಅಭ್ಯಾಸ ಮಾಡಿದರು. ಆ ಗೋಡೆಯಲ್ಲಿ ಸ್ನಾಯುವಿದೆ. ಒತ್ತಡ ಮತ್ತೆ ಮತ್ತೆ ಏರಿದರೆ ಅದನ್ನು ತಾಳಿಕೊಳ್ಳಲು ಆ ಸ್ನಾಯು ದಪ್ಪಗಾಗುತ್ತದೆ. ಗೋಡೆ ದಪ್ಪಗಾದಷ್ಟೂ ಒಳದಾರಿ ಕಿರಿದು. ದಾರಿ ಕಿರಿದಾದರೆ ಅದೇ ರಕ್ತವನ್ನು ದೂಡಲು ಗುಂಡಿಗೆ ಹೆಚ್ಚು ಒತ್ತಬೇಕು, ಒತ್ತಡ ಮತ್ತೂ ಏರುತ್ತದೆ, ಗೋಡೆ ಮತ್ತೂ ದಪ್ಪಗಾಗುತ್ತದೆ. ಮೊದಮೊದಲು ಬೈಗುಳ ಬಿದ್ದಾಗ ಮಾತ್ರ ಏರಿ ಇಳಿಯುತ್ತಿದ್ದ ಬಿಪಿ ಈ ಹಂತದಲ್ಲಿ ಬೈಗುಳದ ಹಂಗು ತೊರೆದಿರುತ್ತದೆ. ಅದನ್ನು ಎತ್ತಿ ಹಿಡಿಯಲು ಈಗ ಸೂಪರ್‌ವೈಸರ್ ಬೇಕಿಲ್ಲ, ನಾಳದ ಆಕಾರವೇ ಸಾಕು.

ಲೆಕ್ಕಕ್ಕೆ ಸಿಕ್ಕಿದ್ದು

ಪ್ರಯೋಗಶಾಲೆಯ ಮಾತು ಹೀಗಾಯಿತು. ನಿಜವಾದ ಕೆಲಸಗಾರರಲ್ಲಿ ಕಾಣುತ್ತದೆಯೇ? ಡೆನ್ಮಾರ್ಕ್ ಮತ್ತು ಸ್ವೀಡನ್ನಿನ 79,201 ಕೆಲಸಗಾರರನ್ನು ಸುಮಾರು 12 ವರ್ಷ ಹಿಂಬಾಲಿಸಿದ ಅಧ್ಯಯನ 2018ರ ಕೊನೆಗೆ ಹೊರಬಂತು. ಕೆಲಸದ ಜಾಗದಲ್ಲಿ ಕಿರುಕುಳಕ್ಕೆ ಒಳಗಾಗಿದ್ದೇವೆ ಎಂದವರಲ್ಲಿ ಹೃದಯದ ಮತ್ತು ಮಿದುಳಿನ ರಕ್ತನಾಳದ ಕಾಯಿಲೆ ಶೇ. 59ರಷ್ಟು ಹೆಚ್ಚಿತ್ತು. ಈ ಅಂಕಿ ಕೇಳಿ ಗಾಬರಿಯಾಗಬೇಕಿಲ್ಲ. ಕಿರುಕುಳ ತಿಂದ ನೂರರಲ್ಲಿ 59 ಮಂದಿಗೆ ಕಾಯಿಲೆ ಬರುತ್ತದೆ ಎಂದಲ್ಲ. ನೂರರಲ್ಲಿ ನಾಲ್ವರಿಗೆ ಬರುವ ಕಾಯಿಲೆ ಆರು ಮಂದಿಗೆ ಬಂದಂತೆ. ಆದರೆ ಲಕ್ಷಾಂತರ ಹೆಂಗಸರು ದುಡಿಯುವ ಉದ್ದಿಮೆಯಲ್ಲಿ ನೂರಕ್ಕೆ ಇಬ್ಬರು ಎಂದರೆ ಊರಿಗೆ ಊರೇ ಆಗುತ್ತದೆ. ಇದೇ ತಂಡದವರಿಗೆ ಸಕ್ಕರೆ ಕಾಯಿಲೆಯಲ್ಲೂ ಇಂಥದೇ ಏರಿಕೆ ಕಂಡಿತ್ತು, ಶೇ. 46.

ಕಾಯಿಲೆಯವರೇ ಹೆಚ್ಚು ಕಿರುಕುಳಕ್ಕೆ ಸಿಗುತ್ತಾರೇನೋ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆಂದೇ ಮೊದಲೇ ಹೃದಯದ ಕಾಯಿಲೆ ಇದ್ದವರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದರು. ಆದರೂ ಇಂಥ ಅಧ್ಯಯನ ಜೊತೆಜೊತೆಗೆ ಇರುವುದನ್ನು ತೋರಿಸುತ್ತದೆ, ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ನನಗೆ ಅದು ನಂಬಲರ್ಹವಾಗಿ ಕಾಣುವುದು, ಈ ಲೆಕ್ಕವೂ ವೈಸ್, ಮೆಕ್‌ಎವೆನ್, ಫೋಲ್ಕೋವ್ ಕಂಡದ್ದೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿರುವುದರಿಂದ.

ನಮ್ಮ ಒಗಟಿಗೆ ಇನ್ನೂ ಹತ್ತಿರದ್ದು ಅಮೆರಿಕದ ಪಿಟ್ಸ್‌ಬರ್ಗಿನದು. 40ರಿಂದ 60 ವರ್ಷದ 304 ಹೆಂಗಸರನ್ನು ಪರೀಕ್ಷಿಸಿದರು. ಬದುಕಿನಲ್ಲಿ ಎಂದಾದರೂ ಕೆಲಸದಲ್ಲಿ ಲೈಂಗಿಕ ಕಿರುಕುಳ ಆಗಿತ್ತೇ ಎಂದು ಕೇಳಿದರು. ಶೇ. 19 ಮಂದಿ ಹೌದು ಎಂದರು. ಬಿಪಿ ಮಾತ್ರೆ ತೆಗೆದುಕೊಳ್ಳದವರಲ್ಲಿ ನೋಡಿದರೆ, ಹೌದು ಎಂದವರಿಗೆ ಅಧಿಕ ರಕ್ತದೊತ್ತಡ ಇರುವ ಸಾಧ್ಯತೆ ಉಳಿದವರ ಎರಡು ಪಟ್ಟಿಗೂ ಹೆಚ್ಚು. ನಿದ್ದೆಯೂ ಅವರದೇ ಹೆಚ್ಚು ಕೆಟ್ಟಿತ್ತು. ಕೇಳಿದ್ದು ಈಗ ನಡೆಯುತ್ತಿರುವುದನ್ನಲ್ಲ, ಎಂದೋ ನಡೆದುಹೋದದ್ದನ್ನು.

ಚಕ್ರ ಯಾರ ಕೈಯಲ್ಲಿ

ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ಅಭ್ಯಾಸ ಮಾಡಿದ 'ವೈಟ್‌ಹಾಲ್' ಅಧ್ಯಯನಗಳು ಮೈಕಲ್ ಮಾರ್ಮಟ್ ಎಂಬ ವೈದ್ಯವಿಜ್ಞಾನಿಯ ಹೆಸರಿನೊಂದಿಗೆ ಸೇರಿಕೊಂಡಿವೆ. ಅಲ್ಲಿ ತೀರ ಬಡವರಿರಲಿಲ್ಲ, ಎಲ್ಲರಿಗೂ ಒಂದೇ ಆಸ್ಪತ್ರೆ ವ್ಯವಸ್ಥೆ. ಆದರೂ ಕೆಳದರ್ಜೆಯವರು ಮೇಲಧಿಕಾರಿಗಳ ಮೂರು ಪಟ್ಟಿಗೂ ಹೆಚ್ಚಾಗಿ ಹೃದಯದ ಕಾಯಿಲೆಯಿಂದ ಸತ್ತರು. ಬೀಡಿ ಸಿಗರೇಟು, ಕೊಬ್ಬು, ಬಿಪಿ ಎಲ್ಲ ಸೇರಿಸಿದರೂ ಈ ಅಂತರದ ಒಂದು ಪಾಲಿಗೆ ಮಾತ್ರ ಉತ್ತರ ಸಿಕ್ಕಿತು. ಉಳಿದುದರಲ್ಲಿ ದೊಡ್ಡ ಪಾಲು, ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತವಿದೆ ಅನ್ನುವುದಕ್ಕೆ ಸಂದಿತು. ಮೇಲಧಿಕಾರಿ ನ್ಯಾಯವಾಗಿ ನಡೆಸಿಕೊಳ್ಳುತ್ತಾರೆ ಎಂದ ಗಂಡಸರಲ್ಲಿ ಹೃದಯದ ಕಾಯಿಲೆ ಶೇ. 30ರಷ್ಟು ಕಡಿಮೆ ಎಂದು 2005ರಲ್ಲಿ ಬಂದ ವರದಿ ಹೇಳಿತು. ವೈಸ್ ಅವರ ಚಕ್ರ ಮನುಷ್ಯರ ಕಚೇರಿಯಲ್ಲೂ ಇದೆ.

ಗಾರ್ಮೆಂಟ್ಸ್ ಹೆಂಗಸಿನ ಕೈಯಲ್ಲಿ ತಿರುಗುವ ಚಕ್ರ ಯಾವುದು? ನನಗೆ ಕಾಣುವುದು ಒಂದೇ, ಬಿಟ್ಟುಹೋಗುವ ಶಕ್ತಿ. ತೀರ ತಾಳಲಾರದಾದಾಗ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಸಾಲ ತೀರಿಸಿ, ಸ್ವಲ್ಪ ದಿನ ಊರಲ್ಲಿದ್ದು ಇನ್ನೊಂದು ಕಾರ್ಖಾನೆ ಸೇರುವುದು. 2016ರಲ್ಲಿ ಕೇಂದ್ರ ಸರ್ಕಾರ, ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ನಿಯಮ ವಾಪಸಾಯಿತು. ಇದನ್ನು ಹಣದ ಜಗಳ ಎಂದಷ್ಟೇ ಓದಿದರೆ ಅರ್ಧ ಓದಿದಂತೆ. ಇದ್ದೊಂದು ಬಾಗಿಲಿಗೂ ಬೀಗ ಬೀಳುವುದರಲ್ಲಿತ್ತು.

ಅದೇ ವರ್ಷ ದಕ್ಷಿಣ ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ಅನಂತ ನಿಶಾಧಂ ಮತ್ತವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾದ ಹೊತ್ತು. ಕೆಲವು ಕಾರ್ಮಿಕರನ್ನು ಆರಿಸಿ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅನಿಸಿದ್ದನ್ನು ಹೆಸರಿಲ್ಲದೆ ಹೇಳಲು ಬಿಟ್ಟರು. ಮುಂದಿನ ತಿಂಗಳುಗಳಲ್ಲಿ ಹೀಗೆ ಹೇಳಲು ಸಿಕ್ಕವರು ಕೆಲಸ ಬಿಡುವುದು ಶೇ. 20ರಷ್ಟು ಕಡಿಮೆಯಾಯಿತು. ಅಲ್ಲಿ ಯಾರ ಬಿಪಿಯನ್ನೂ ಅಳೆದಿರಲಿಲ್ಲ. ಆದರೂ ಮಾತಿಗೆ ಸ್ವಲ್ಪ ಬೆಲೆ ಸಿಕ್ಕರೂ ಸಹಿಸುವ ಬಲ ಬರುತ್ತದೆ ಅನ್ನುವುದು ಅಲ್ಲಿ ಎದ್ದು ಕಾಣುತ್ತದೆ.

ಕಾನೂನಿನ ಗಡಿಯಾರ ಮಾತ್ರ ಮೈಯ ಗಡಿಯಾರಕ್ಕೆ ಹೊಂದುವುದಿಲ್ಲ. 2013ರ ಕಾಯ್ದೆಯಂತೆ ಹತ್ತು ಇಲ್ಲವೇ ಹೆಚ್ಚು ಜನ ಕೆಲಸ ಮಾಡುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಘಟಕದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ಕಾಲರ್ ಹೊಲಿಯುವಾಕೆಯ ನಾಳಗಳು ದಪ್ಪಗಾಗುವುದು ಅದಾದ ವರ್ಷಗಳ ಮೇಲೆ. ಇನ್ನು ಟಾರ್ಗೆಟ್ ಹೆಸರಿನ ಕೂಗಾಟ, ಬಟ್ಟೆ ಎಸೆತ ಈ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಅದನ್ನೂ ಹಿಂಸೆ ಎಂದು ಒಪ್ಪಿದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂಗೀಕರಿಸಿದ 190ನೇ ಒಪ್ಪಂದ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಅನುಮೋದಿಸಬೇಕು.

ಡಾಕ್ಟರು ಕೇಳಬೇಕಾದದ್ದು

ಇಟಲಿಯ ಬರ್ನಾರ್ದಿನೊ ರಾಮಜ್ಜೀನಿ 1700ರಲ್ಲಿ ಕಸುಬಿನ ಕಾಯಿಲೆಗಳ ಮೇಲೆ ಪುಸ್ತಕ ಬರೆದ ವೈದ್ಯ. ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ 'ನಿನ್ನ ಕೆಲಸ ಏನು?' ಎಂಬುದನ್ನೂ ಕೇಳಿ ಎಂದು ಅವನು ವೈದ್ಯರಿಗೆ ಹೇಳಿದ. ರಾಯದುರ್ಗದ ಆಸ್ಪತ್ರೆಯಲ್ಲೋ ಇಎಸ್‌ಐ ದವಾಖಾನೆಯಲ್ಲೋ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರಬೇಕು: ಅಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು, ಅಮ್ಮಾ? ಉತ್ತರ ಕೇಳಿಸಿಕೊಂಡ ಡಾಕ್ಟರಿಗೆ ಮಾಡಲು ಕೆಲಸವಿದೆ. ತೋಳಿಗೆ 24 ತಾಸು ಪಟ್ಟಿ ಕಟ್ಟಿ ಕಳಿಸುವ ಯಂತ್ರದಿಂದ ನಿದ್ದೆಯಲ್ಲಿ ಒತ್ತಡ ಇಳಿಯುತ್ತಿದೆಯೇ ಎಂದು ನೋಡಬಹುದು. ಕೆಟ್ಟ ನಿದ್ದೆಗೂ ಕಾಡುವ ನೆನಪಿಗೂ ಮಾತಿನ ಮೂಲಕವೇ ಕೊಡುವ ಚಿಕಿತ್ಸೆಗಳಿವೆ. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸುಮಾರು ಒಂದು ವರ್ಷ ತಪ್ಪದೆ ತೆಗೆದುಕೊಂಡವರಲ್ಲಿ ದಪ್ಪಗಾಗಿದ್ದ ಸಣ್ಣ ನಾಳಗಳ ಗೋಡೆ ತಕ್ಕಮಟ್ಟಿಗೆ ಹಿಂದಿನ ಸ್ಥಿತಿಗೆ ಬಂದದ್ದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಹಾಗಾಗಿ, ಕೆಲಸ ಬಿಟ್ಟಾಯಿತಲ್ಲ, ಇನ್ನು ಮಾತ್ರೆ ಏಕೆ ಎಂದು ನಡುವೆ ನಿಲ್ಲಿಸಬಾರದು.